ಹಿಬಾಕುಷಾ

ಹಿಬಾಕುಷಾ ಎಂಬುದು 1945ರ ಅಣುಬಾಂಬ್ ದಾಳಿಯಲ್ಲಿ ಬದುಕುಳಿದವರನ್ನು ಸೂಚಿಸುವ ಜಪಾನೀ ಪದ.

ಆ ವರ್ಷದ ಆಗಸ್ಟ್ 6ರ ಬೆಳಿಗ್ಗೆ 8.15ಕ್ಕೆ ಅಮೆರಿಕದ ವಿಮಾನವು ಹಿರೋಷಿಮಾದ ಮೇಲೆ ಬಾಂಬ್ ಹಾಕಿತು. ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಇನ್ನೊಂದು ಬಾಂಬ್ ಬಿದ್ದಿತು. ವರ್ಷಾಂತ್ಯದೊಳಗೆ ಕ್ರಮವಾಗಿ ಸುಮಾರು 1,40,000 ಹಾಗೂ 74,000 ಜನರು ಮೃತರಾದರೆಂದು ಅಂದಾಜು. ಸತ್ತವರಲ್ಲಿ ಬಹುಪಾಲು ನಾಗರಿಕರು. ವಾಯುದಾಳಿಯಾದಾಗ ಬೆಂಕಿ ಹರಡದಿರಲೆಂದು ಹಿರೋಷಿಮಾದಲ್ಲಿ ಮನೆಗಳನ್ನು ಕೆಡವಿ ಬಯಲು ಮಾಡಲಾಗುತ್ತಿತ್ತು. ಆ ಕೆಲಸಕ್ಕೆ ನಿಯೋಜಿತರಾಗಿದ್ದ ಸಾವಿರಾರು ಶಾಲಾಮಕ್ಕಳು ಬಯಲಿನಲ್ಲಿಯೇ ಬಲಿಯಾದರು.

ಬದುಕುಳಿದವರ ಯಾತನೆ ಅಲ್ಲಿಗೆ ಮುಗಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಅವರಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚಿತು. ದಾಳಿಯ ದಿನ ಎರಡು ವರ್ಷದ ಮಗುವಾಗಿದ್ದ ಸದಾಕೊ ಸಸಾಕಿ 1955ರಲ್ಲಿ ಅದೇ ರೋಗದಿಂದ ತೀರಿಕೊಂಡಳು. ವಿಕಿರಣದ ರೋಗ ಅಂಟುತ್ತದೆ, ಸಂತಾನಕ್ಕೂ ತಗಲುತ್ತದೆ ಎಂಬ ಭಯದಿಂದ ಇವರಿಗೆ ಮದುವೆ, ಉದ್ಯೋಗಗಳು ದೊರೆಯುವುದು ಕಷ್ಟವಾಯಿತು. ಹಲವರು ತಮ್ಮ ಗುರುತನ್ನೇ ಮರೆಮಾಚಿದರು. ಅಲ್ಲಿ ದುಡಿಯುತ್ತಿದ್ದ ಕೊರಿಯನ್ನರಿಗಂತೂ ಜಪಾನಿನ ನೆರವೂ ಬಹುಕಾಲ ಸಿಗಲಿಲ್ಲ.

ಯುದ್ಧವು ಬೇಗ ಮುಗಿದು, ಭೂದಾಳಿಯಲ್ಲಿ ಸಾಯಬಹುದಾಗಿದ್ದ ಅಸಂಖ್ಯ ಸೈನಿಕರು ಉಳಿದರೆಂಬುದು ಬಾಂಬ್ ಪ್ರಯೋಗದ ಸಮರ್ಥಕರ ವಾದ. ಸೈನಿಕರನ್ನು ಉಳಿಸಲು ನಾಗರಿಕರನ್ನು ಕೊಲ್ಲಬಹುದೇ ಎಂಬುದು ವಿರೋಧಿಗಳ ಪ್ರಶ್ನೆ. ಉಳಿದ ಜೀವಗಳನ್ನು ಎಣಿಸುವ ಈ ಲೆಕ್ಕದಲ್ಲಿ, ಹತ್ತು ವರ್ಷಗಳ ಅನಂತರ ಸತ್ತ ಬಾಲಕಿಗೆ ಸ್ಥಾನವಿಲ್ಲ.

ಹಿಬಾಕುಷಾಗಳು 1956ರಲ್ಲಿ ಸ್ಥಾಪಿಸಿದ 'ನಿಹೊನ್ ಹಿಡಾಂಕ್ಯೊ' ಸಂಘಟನೆಗೆ 2024ರ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತು.