ರೇಡಿಯೋ 'ಟಿಕ್' ಕೇಳಿ ಹರಳಿನ ತಪ್ಪು ಹಿಡಿಯಿರಿ

ಸೋಮನೂರು: ಸುದ್ದಿಗೆ ಮುಂಚೆ ಆಕಾಶವಾಣಿಯಲ್ಲಿ ಬರುವ 'ಪೀಂ ಪೀಂ' ಕೇಳಿ ಗಡಿಯಾರ ಸರಿಮಾಡಿಕೊಂಡವರು ನಮ್ಮ ಮಗ್ಗದ ಮನೆಗಳಲ್ಲಿ ಬಹಳ ಮಂದಿ. ಇಂಥ ಸಂಕೇತದಿಂದ ಗಂಟೆಯಷ್ಟೇ ಅಲ್ಲ, ಆವರ್ತನವನ್ನೂ ಸರಿಮಾಡಬಹುದು. ಆವರ್ತನ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ.

ಇದು ಯಾಕೆ ಬೇಕು?
ರೇಡಿಯೋ ರಿಪೇರಿಯವರ, ಹ್ಯಾಮ್ ಹವ್ಯಾಸಿಗಳ ಫ್ರೀಕ್ವೆನ್ಸಿ ಕೌಂಟರ್ ಎಂಟು ಅಂಕಿ ತೋರಿಸುತ್ತದೆ. ಒಳಗಿನ ಕ್ವಾರ್ಟ್ಜ್ ಹರಳು ತಪ್ಪಿದ್ದರೆ ಕೊನೆಯ ಅಂಕಿಗಳೆಲ್ಲ ಸುಳ್ಳು. ವಯಸ್ಸಾದಂತೆ, ಸೆಕೆ ಏರಿದಂತೆ ಹರಳಿನ ವೇಗ ಬದಲಾಗುತ್ತದೆ.

ಹೇಗೆ ಮಾಡುವುದು?
10 ಮೆಗಾಹರ್ಟ್ಸ್ ಹರಳಿನ ಆಸಿಲೇಟರ್‌ಗೆ 7490 ಐಸಿ ಏಳನ್ನು ಸಾಲಾಗಿ ಜೋಡಿಸಿ. ಒಂದೊಂದೂ ಹತ್ತರಿಂದ ಭಾಗಿಸುತ್ತದೆ. ಕೊನೆಯಲ್ಲಿ ಸೆಕೆಂಡಿಗೆ ಒಂದು 'ಟಿಕ್' ಸಿಗುತ್ತದೆ. ಶಾರ್ಟ್‌ವೇವ್ ರೇಡಿಯೋದಲ್ಲಿ ಸಮಯ ನಿಲ್ದಾಣ ಹಿಡಿದು, ಎರಡೂ ಟಿಕ್ ಕೂಡುವಂತೆ ಮೊದಲ ದಿನ ಹೊಂದಿಸಿ. ದಿನವೂ ಕೇಳಿ ಅಂತರ ಬರೆದಿಡಿ. ನಡುವೆ ಕರೆಂಟ್ ಹೋದರೆ ಎಣಿಕೆ ಹಾಳು, ಬ್ಯಾಟರಿ ಇರಲೇಬೇಕು.

ದಿನಕ್ಕೆ 86,400 ಸೆಕೆಂಡು. ದಿನದಲ್ಲಿ ಒಂದು ಸೆಕೆಂಡು ತಪ್ಪಿದರೆ ಹರಳು ಸುಮಾರು 116 ಹರ್ಟ್ಸ್ ತಪ್ಪಿದೆ ಎಂದರ್ಥ. ಹತ್ತು ದಿನದಲ್ಲಿ ತಪ್ಪಿದ್ದು ಸೆಕೆಂಡಿನ ಹತ್ತನೇ ಒಂದು ಭಾಗವಾದರೆ, ತಪ್ಪು ಸುಮಾರು ಒಂದು ಹರ್ಟ್ಸ್ ಮಾತ್ರ! ನಮ್ಮ ಟಿಕ್ ಮುಂದೆ ಓಡಿದ್ದರೆ ಹರಳು ವೇಗ, ಹಿಂದೆ ಬಿದ್ದರೆ ನಿಧಾನ. ಟ್ರಿಮ್ಮರ್ ಸ್ವಲ್ಪ ತಿರುಗಿಸಿ ಮತ್ತೆ ಹತ್ತು ದಿನ ಕಾಯಿರಿ.

ಯಾವ ನಿಲ್ದಾಣ?
ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ 1959ರಿಂದ 'ಎಟಿಎ' ಹೆಸರಿನಲ್ಲಿ ಇಂಥ ಸಂಕೇತ ಕಳಿಸುತ್ತಿತ್ತು. ಆ ದನಿ ಈಗ ನಿಂತಿದೆ. ಚೀನಾದ 'ಬಿಪಿಎಂ' ನಿಲ್ದಾಣವನ್ನು ರಾತ್ರಿ ಹೊತ್ತು 10 ಮೆಗಾಹರ್ಟ್ಸ್‌ನಲ್ಲಿ ಹುಡುಕಿ ನೋಡಿ.

ಅಷ್ಟು ದೂರದಿಂದ ಬರುವಾಗ ತಡವಾಗುವುದಿಲ್ಲವೇ? ಆಗುತ್ತದೆ. ಆದರೆ ದಿನವೂ ಐದು ನಿಮಿಷ ತಡವಾಗಿಯೇ ಬರುವ ಬಸ್ಸನ್ನು ನೋಡಿಯೂ ಒಂದು ದಿನದ ಅಳತೆ ಹೇಳಬಹುದಲ್ಲವೇ? ತಡ ಒಂದೇ ಸಮನಿದ್ದರೆ ತೊಂದರೆಯಿಲ್ಲ. ಮೊಬೈಲ್ ಆ್ಯಪಿನ ರೇಡಿಯೋ ಮಾತ್ರ ಬೇಡ. ಅಲ್ಲಿ ತಡ ಒಂದೊಂದು ಸಲ ಒಂದೊಂದು ತರಹ.

ಈಗ ಜಿಪಿಎಸ್ ಮಾಡ್ಯೂಲ್‌ಗಳೂ ಸೆಕೆಂಡಿಗೊಂದು ಮಿಡಿತ ಕೊಡುತ್ತವೆ, ಕೆಲಸ ಬೇಗ ಮುಗಿಯುತ್ತದೆ. ಆದರೆ ಲೆಕ್ಕ ಅದೇ. ಹಳೆಯ ರೇಡಿಯೋ ಇದ್ದವರಿಗೆ ಬೇಕಾದ್ದು ಕಿವಿ, ನೋಟ್‌ಬುಕ್ಕು, ಹತ್ತು ದಿನದ ತಾಳ್ಮೆ.