ಮನಸ್ಸೊಂದಿದ್ದರೆ 50 ಕಿ.ಮೀ. ಓಡಬಹುದೇ?

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಮೊಬೈಲಿಗೆ ಒಂದು ವಿಡಿಯೊ ಬಂತು. ಆಸ್ಟ್ರೇಲಿಯಾದಲ್ಲಿ 61 ವರ್ಷದ ಆಲೂಗಡ್ಡೆ ಬೆಳೆಗಾರರೊಬ್ಬರು ಯಾವ ತರಬೇತಿಯೂ ಇಲ್ಲದೆ 875 ಕಿ.ಮೀ. ಓಡಿ ಗೆದ್ದರಂತೆ. ಕೊನೆಯಲ್ಲಿ 'ಮನಸ್ಸಿದ್ದರೆ ಸಾಕು' ಎಂದು ಬರೆದಿತ್ತು. ಅದನ್ನು ನೋಡಿ ನಾನೂ ನನ್ನ ಮಾಮೂ ಮಗನೂ 50 ಕಿ.ಮೀ. ಓಡಲು ತೀರ್ಮಾನಿಸಿದೆವು. ಅದಕ್ಕೆ ಮೊದಲು ನಾನು ಓಡಿದ್ದ ಅತಿ ಉದ್ದದ ಓಟವೆಂದರೆ ಕ್ರೀಡಾಕೂಟದ 1500 ಮೀಟರ್!

ಫಜರ್ ನಮಾಜ್ ಮುಗಿಸಿ ಹೊರಟೆವು. ಮೊದಲ ಹತ್ತು ಕಿ.ಮೀ. ನಗುತ್ತಲೇ ಕಳೆಯಿತು. ಆಮೇಲೆ ಮಂಡಿ ನೋವು ಶುರುವಾಯಿತು. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಿದೆ. 24ನೇ ಕಿ.ಮೀ. ಹತ್ತಿರ ರಸ್ತೆ ಬದಿಯಲ್ಲಿ ಕುಳಿತವನಿಗೆ ಮತ್ತೆ ಏಳಲಾಗಲಿಲ್ಲ. ಅಬ್ಬಾ ಬಂದು ಬೈಕಿನಲ್ಲಿ ಕರೆದುಕೊಂಡು ಹೋದರು. ಮರುದಿನ ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿತ್ತು. ಎರಡು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದೆ. ಆಗ ವೈದ್ಯರಿಂದ ಕೇಳಿದ್ದನ್ನೂ ಅನಂತರ ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮ್ಯಾರಥಾನ್ ಎಂದರೆ 42.195 ಕಿ.ಮೀ. ಓಟ. ಅದಕ್ಕಿಂತ ಉದ್ದದ ಓಟವೆಲ್ಲ ಅಲ್ಟ್ರಾಮ್ಯಾರಥಾನ್. ಇದರಲ್ಲಿ ನಡೆಯುವ ಲೆಕ್ಕವನ್ನು ನಾವು ವಾಣಿಜ್ಯ ವಿದ್ಯಾರ್ಥಿಗಳು ಸುಲಭವಾಗಿ ಅರ್ಥ ಮಾಡಿಕೊಳ್ಳಬಹುದು. ಒಂದು ಕಿ.ಮೀ. ಓಡಲು ದೇಹದ ಪ್ರತಿ ಕಿಲೋ ತೂಕಕ್ಕೆ ಸುಮಾರು ಒಂದು ಕ್ಯಾಲೊರಿ ಖರ್ಚಾಗುತ್ತದೆ. 60 ಕಿಲೋ ತೂಕದವನು 50 ಕಿ.ಮೀ. ಓಡಿದರೆ ಖರ್ಚು 3000. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿರುವ ಸಕ್ಕರೆಯ ದಾಸ್ತಾನು ಸುಮಾರು 2000 ಮಾತ್ರ. ಇದು ಕೈಯಲ್ಲಿರುವ ನಗದು. ಕೊಬ್ಬು ಬೇಕಾದಷ್ಟಿದೆ, ಆದರೆ ಅದು ಫಿಕ್ಸೆಡ್ ಡೆಪಾಸಿಟ್ ಇದ್ದಂತೆ. ಬೇಕೆಂದಾಗ ಬೇಗ ಕೈಗೆ ಸಿಗದು. ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರ ದೇಹ ಕೊಬ್ಬನ್ನು ಹೆಚ್ಚು ಬಳಸಿಕೊಂಡು ನಗದನ್ನು ಉಳಿಸಲು ಕಲಿತಿರುತ್ತದೆ. ನನ್ನ ದೇಹ ಕಲಿತಿರಲಿಲ್ಲ.

ಇನ್ನೊಂದು ಮೋಸವಿದೆ. ಅಭ್ಯಾಸ ಶುರುಮಾಡಿದ ಕೆಲವೇ ವಾರಗಳಲ್ಲಿ ಉಸಿರು ಸುಧಾರಿಸುತ್ತದೆ. ಮೂಳೆ ಮತ್ತು ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕು. 'ಏದುಸಿರು ಬರುತ್ತಿಲ್ಲ, ಇನ್ನೂ ಓಡಬಲ್ಲೆ' ಎಂದು ಅನ್ನಿಸುವಾಗಲೇ ಕಾಲಿನ ಮೂಳೆಯಲ್ಲಿ ಸಣ್ಣ ಬಿರುಕು ಬಿಡಬಹುದು.

ಎಲ್ಲಕ್ಕಿಂತ ಅಪಾಯದ್ದು ರಾಬ್ಡೊಮಯೊಲಿಸಿಸ್. ಅಭ್ಯಾಸವಿಲ್ಲದ ಸ್ನಾಯುಗಳು ಅತಿ ಶ್ರಮದಿಂದ ಒಡೆದು, ಮಯೊಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರುತ್ತದೆ. ಅದು ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಮೂತ್ರ ಚಹಾದ ಬಣ್ಣಕ್ಕೆ ಬರುವುದು ಅದರ ಲಕ್ಷಣ. ನೀರು ಕಡಿಮೆಯಾದಾಗ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿದರೆ ಮೂತ್ರಪಿಂಡಕ್ಕೆ ಮತ್ತಷ್ಟು ಏಟು. ಹಾಗೆಂದು ಬರೀ ನೀರನ್ನೇ ಅತಿಯಾಗಿ ಕುಡಿದರೂ ಕಷ್ಟ: ರಕ್ತದಲ್ಲಿ ಸೋಡಿಯಂ ಇಳಿದು ಮಿದುಳು ಊದಿಕೊಳ್ಳಬಹುದು.

ಹಾಗಾದರೆ ಆ ಬೆಳೆಗಾರರು ಗೆದ್ದದ್ದು ಹೇಗೆ? ಅವರ ಹೆಸರು ಕ್ಲಿಫ್ ಯಂಗ್. 1983ರಲ್ಲಿ ಸಿಡ್ನಿಯಿಂದ ಮೆಲ್ಬರ್ನ್‌ವರೆಗಿನ ಓಟವನ್ನು 5 ದಿನ 15 ಗಂಟೆಗಳಲ್ಲಿ ಮುಗಿಸಿದ್ದು ನಿಜ. ಉಳಿದವರು ಮಲಗಿದಾಗ ಇವರು ನಿಧಾನವಾಗಿ ಕಾಲೆಳೆಯುತ್ತಾ ಓಡಿದ್ದೂ ನಿಜ. ವಿಡಿಯೊ ಹೇಳದೆ ಬಿಟ್ಟ ಸಂಗತಿ ಬೇರೆ. ಚಿಕ್ಕಂದಿನಿಂದ ಅವರು ಜಮೀನಿನಲ್ಲಿ ಕುರಿಗಳ ಹಿಂದೆ ಓಡಿ ಬೆಳೆದವರು. ಹಿಂದಿನ ವರ್ಷವಷ್ಟೇ ತಿಂಗಳುಗಟ್ಟಲೆ ತಯಾರಿ ನಡೆಸಿ, 1000 ಮೈಲಿ ಓಟದ ದಾಖಲೆ ಮುರಿಯಲು ಹೊರಟು, ಅರ್ಧದಾರಿ ದಾಟಿದ ಮೇಲೆ ಕೈಬಿಟ್ಟಿದ್ದರು. ಆ ಸೋಲೂ ಅವರ ತಯಾರಿಯೇ.

ದಕ್ಷಿಣ ಆಫ್ರಿಕಾದಲ್ಲಿ 1921ರಿಂದ ನಡೆದುಬಂದಿರುವ, ಸುಮಾರು 90 ಕಿ.ಮೀ.ಗಳ ಕಾಮ್ರೇಡ್ಸ್ ಓಟಕ್ಕೆ ಸೇರಬೇಕಾದರೆ ಮೊದಲು ಒಂದು ಮ್ಯಾರಥಾನನ್ನು ನಿಗದಿತ ಸಮಯದೊಳಗೆ ಮುಗಿಸಿ ತೋರಿಸಬೇಕು. ಈ ನಿಯಮ ಓಟಗಾರರ ರಕ್ಷಣೆಗಾಗಿಯೇ ಇದೆ.

ಓಡುವ ಆಸೆಯಿರುವ ಗೆಳೆಯರೇ, ಮೂರು ಕಿ.ಮೀ.ಯಿಂದ ಶುರುಮಾಡಿ. ವಾರವಾರ ಸ್ವಲ್ಪಸ್ವಲ್ಪವೇ ಹೆಚ್ಚಿಸಿ, ವಾರಕ್ಕೊಂದೆರಡು ದಿನ ವಿಶ್ರಾಂತಿ ಕೊಡಿ. ಉದ್ದದ ಓಟದಲ್ಲಿ ನಡುನಡುವೆ ನಡೆಯುವುದು ಅವಮಾನವಲ್ಲ, ಅನುಭವಿಗಳೂ ನಡೆಯುತ್ತಾರೆ. ನೋವನ್ನು ಮಾತ್ರೆಯಿಂದ ಅಡಗಿಸಿ ಓಡಬೇಡಿ. ಮೂತ್ರದ ಬಣ್ಣ ಬದಲಾದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ.

ಆಸ್ಪತ್ರೆಯಲ್ಲಿ ಅಮ್ಮಿ ನನ್ನನ್ನು ಬೈಯಲಿಲ್ಲ, ರಾತ್ರಿಯಿಡೀ ತಸ್ಬೀಹ್ ಹಿಡಿದು ಕುಳಿತಿದ್ದರು. ಈಗ ನಾನು ವಾರಕ್ಕೆ ಮೂರು ದಿನ ಐದು ಕಿ.ಮೀ. ಓಡುತ್ತೇನೆ. 50 ಕಿ.ಮೀ. ಆಸೆ ಇನ್ನೂ ಇದೆ. ಅದಕ್ಕೆ ಇನ್ನೂ ಕೆಲವು ವರ್ಷ ಬೇಕೆಂದು ಈಗ ಗೊತ್ತಾಗಿದೆ.

– ದ್ವಿತೀಯ ಪಿಯುಸಿ ವಿದ್ಯಾರ್ಥಿ, ವಾಣಿಜ್ಯ ವಿಭಾಗ