ಮನೆಯ ವಸ್ತು ಬಿಚ್ಚುತ್ತಿದ್ದ ಹುಡುಗ

ನೀವು ಅಡುಗೆ ಮನೆಯಲ್ಲಿದ್ದೀರಿ. ಇತ್ತ ನಿಮ್ಮ ಮಗ ರೇಡಿಯೋ ಬಿಚ್ಚಿ, ಅದರ ತಿರುಪು, ತಂತಿಗಳನ್ನೆಲ್ಲ ಚಾಪೆಯ ಮೇಲೆ ಹರಡಿ ಕುಳಿತಿದ್ದಾನೆ. ನೀವೇನು ಮಾಡುತ್ತೀರಿ? ಕೈಯಲ್ಲಿದ್ದ ಸೌಟಿನಿಂದಲೇ ಎರಡು ಬಾರಿಸುತ್ತೀರಾ? "ಅಪ್ಪ ಬರಲಿ, ನೋಡು" ಎಂದು ಹೆದರಿಸುತ್ತೀರಾ? ಐವತ್ತು ವರ್ಷಗಳಿಗೂ ಹಿಂದೆ ನ್ಯೂಯಾರ್ಕ್ ನಗರದ ಬಡ ತಾಯಿಯೊಬ್ಬಳಿಗೆ ಇದೇ ಸಮಸ್ಯೆ ಎದುರಾಗಿತ್ತು. ಅವಳ ಮಗನ ಹೆಸರು ಜೋಸೆಫ್ ಸ್ಯಾಡ್ಲರ್. ಇಂದು ಜಗತ್ತು ಅವನನ್ನು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಎಂದು ಕರೆಯುತ್ತದೆ.

ಜೋಸೆಫ್ ಹುಟ್ಟಿದ್ದು 1958ರ ಜನವರಿ 1ರಂದು, ಬಾರ್ಬಡೋಸ್ ದ್ವೀಪದಲ್ಲಿ. ಕುಟುಂಬ ವಲಸೆ ಬಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ನೆಲೆಸಿತು. ಆಗಿನ ದಕ್ಷಿಣ ಬ್ರಾಂಕ್ಸ್ ಎಂದರೆ ಸುಟ್ಟು ಕರಕಲಾದ ಕಟ್ಟಡಗಳು, ಕೆಲಸವಿಲ್ಲದ ಗಂಡಸರು, ಬೀದಿಯ ಪುಂಡರ ಗುಂಪುಗಳು. ತಂದೆಗೆ ಗ್ರಾಮಫೋನ್ ರೆಕಾರ್ಡುಗಳ ಹುಚ್ಚು. ಅದನ್ನು ಮುಟ್ಟಿದರೆ ಮಗನಿಗೆ ಹೊಡೆತ. ಹೊಡೆತ ತಿಂದರೂ ಹುಡುಗ ಮುಟ್ಟುವುದನ್ನು ಬಿಡಲಿಲ್ಲ. ರೆಕಾರ್ಡ್ ತಿರುಗುವಾಗ ಆ ಸಣ್ಣ ಗೆರೆಗಳಿಂದ ಧ್ವನಿ ಹೇಗೆ ಹೊರಡುತ್ತದೆ ಎಂಬುದೇ ಅವನ ತಲೆಯಲ್ಲಿ ಕೊರೆಯುತ್ತಿತ್ತು.

ಅಕ್ಕಂದಿರ ಕೂದಲು ಒಣಗಿಸುವ ಯಂತ್ರ, ಮನೆಯ ರೇಡಿಯೋ ಯಾವುದೂ ಅವನ ಕೈಯಿಂದ ಉಳಿಯಲಿಲ್ಲ. ಬಿಚ್ಚುವುದು ಗೊತ್ತಿತ್ತು, ತಿರುಗಿ ಜೋಡಿಸುವುದು ಗೊತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ಬೇಸತ್ತರು.

ತಾಯಿ ಕಂಡ ದಾರಿ

ಹೊಲಿಗೆ ಬಲ್ಲ ಆ ತಾಯಿಯ ಬದುಕು ಸುಲಭದ್ದಾಗಿರಲಿಲ್ಲ. ಆಕೆಯ ಕಾಯಿಲೆಯಿಂದಾಗಿ ಮಕ್ಕಳು ಕೆಲಕಾಲ ಮನೆಯಿಂದ ದೂರ ಬೆಳೆಯಬೇಕಾಯಿತು. ಆದರೂ ಮಗನ ಈ ಚಟವನ್ನು ಅವಳು ಬೇರೆಯೇ ರೀತಿಯಲ್ಲಿ ನೋಡಿದಳು. ಬಿಚ್ಚುವ ಕೈಗೆ ಜೋಡಿಸುವ ವಿದ್ಯೆಯೂ ಬರಲಿ ಎಂದು ಅವನನ್ನು ತಾಂತ್ರಿಕ ಶಾಲೆಗೆ ಸೇರಿಸಿದಳು. ಅಲ್ಲಿ ಅವನು ವಿದ್ಯುತ್ ಹೇಗೆ ಹರಿಯುತ್ತದೆ, ಆಂಪ್ಲಿಫಯರ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನೆಲ್ಲ ಕಲಿತ. ರೆಕಾರ್ಡ್ ನುಡಿಸುವ ವಿದ್ಯೆಯನ್ನು ಮಾತ್ರ ಯಾವ ಶಾಲೆಯೂ ಕಲಿಸಲಿಲ್ಲ. ಅದನ್ನು ಅವನೇ ಕಂಡುಕೊಂಡ. ಹೊಸ ಉಪಕರಣಕ್ಕೆ ಹಣವೆಲ್ಲಿ? ಕಸದ ರಾಶಿಯಲ್ಲಿ, ಬೀದಿಯಲ್ಲಿ ಬಿಟ್ಟುಹೋದ ಕಾರುಗಳಲ್ಲಿ ಸಿಕ್ಕಿದ ಬಿಡಿಭಾಗಗಳೇ ಅವನ ಬಂಡವಾಳ.

ಆ ಕಾಲದ ಬ್ರಾಂಕ್ಸ್‌ನಲ್ಲಿ ಹುಡುಗ ಹುಡುಗಿಯರು ಕಡಿಮೆ ಖರ್ಚಿನಲ್ಲಿ ಕೂಟ ನಡೆಸುತ್ತಿದ್ದರು. 1973ರ ಆಗಸ್ಟ್ 11ರಂದು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆಗೆ ಹೊಸ ಬಟ್ಟೆ ಕೊಳ್ಳಲು ಹಣ ಕೂಡಿಸಲೆಂದು ತಮ್ಮ ಕಟ್ಟಡದಲ್ಲಿ ಇಂತಹ ಕೂಟವೊಂದನ್ನು ಏರ್ಪಡಿಸಿದಳು. ರೆಕಾರ್ಡ್ ನುಡಿಸಿದವನು ಅವಳ ಅಣ್ಣ ಕೂಲ್ ಹರ್ಕ್. ಹಿಪ್‌ಹಾಪ್ ಎಂಬ ಸಂಗೀತದ ಹುಟ್ಟುದಿನವೆಂದು ಈಗ ಅದನ್ನೇ ಎಣಿಸುತ್ತಾರೆ. ಹಾಡಿನ ನಡುವೆ ಬರೀ ತಾಳವಾದ್ಯ ಮಾತ್ರ ಕೇಳಿಸುವ ಭಾಗವೆಂದರೆ ಯುವಕರಿಗೆ ಪ್ರಾಣ ಎಂಬುದನ್ನು ಹರ್ಕ್ ಗಮನಿಸಿದ್ದ. ಆದರೆ ಆ ಭಾಗ ಕೆಲವೇ ಸೆಕೆಂಡುಗಳಲ್ಲಿ ಮುಗಿದುಹೋಗುತ್ತಿತ್ತು. ಅದನ್ನೇ ಮತ್ತೆ ನುಡಿಸಲು ಹೋದರೆ ತಾಳ ತಪ್ಪುತ್ತಿತ್ತು.

ಗಂಜಿ ಹಾಕಿದ ಬಟ್ಟೆ

ಜೋಸೆಫ್‌ನನ್ನು ಕಾಡಿದ್ದು ಇದೇ. ಒಂದೇ ಹಾಡಿನ ಎರಡು ರೆಕಾರ್ಡು ತಂದು ಎರಡು ಯಂತ್ರಗಳ ಮೇಲಿಟ್ಟ. ಒಂದು ನುಡಿಯುತ್ತಿರುವಾಗ ಇನ್ನೊಂದನ್ನು ಬೆರಳಿನಿಂದ ಹಿಂದಕ್ಕೆ ತಿರುಗಿಸಿ ಸರಿಯಾದ ಜಾಗಕ್ಕೆ ತಂದು ನಿಲ್ಲಿಸಬೇಕು. ಗುರುತಿಗಾಗಿ ರೆಕಾರ್ಡಿನ ಮೇಲೆ ಬಣ್ಣದ ಕಡ್ಡಿಯಿಂದ ಗೆರೆ ಎಳೆದ. ಎಷ್ಟು ಸುತ್ತು ಹಿಂದಕ್ಕೆ ಹೋಗಬೇಕೆಂದು ಗಡಿಯಾರದ ಮುಳ್ಳಿನಂತೆ ಲೆಕ್ಕ ಹಾಕಿದ. ರೆಕಾರ್ಡನ್ನು ಬೆರಳಿನಿಂದ ಮುಟ್ಟುವುದೇ ತಪ್ಪೆಂದು ತಿಳಿದಿದ್ದ ಕಾಲವದು.

ಆದರೆ ಯಂತ್ರದ ರಬ್ಬರ್ ಹಾಸು ರೆಕಾರ್ಡನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ಇಲ್ಲಿ ನೆರವಿಗೆ ಬಂದದ್ದು ತಾಯಿಯ ಹೊಲಿಗೆ. ತಾಯಿಯಿಂದಾಗಿ ಅವನಿಗೆ ಬಟ್ಟೆಗಳ ಗುಣ ಗೊತ್ತಿತ್ತು. ಫೆಲ್ಟ್ ಬಟ್ಟೆಯನ್ನು ರೆಕಾರ್ಡಿನ ಅಳತೆಗೆ ದುಂಡಗೆ ಕತ್ತರಿಸಿ, ತಾಯಿ ಇಸ್ತ್ರಿಗೆ ಬಳಸುತ್ತಿದ್ದ ಗಂಜಿ ಸಿಂಪಡಿಸಿ ಹಪ್ಪಳದಂತೆ ಗಟ್ಟಿ ಮಾಡಿದ. ಈಗ ರೆಕಾರ್ಡ್ ಸಲೀಸಾಗಿ ಜಾರತೊಡಗಿತು. ಇಂದು ಡಿಜೆಗಳು ಅಂಗಡಿಯಿಂದ ಕೊಳ್ಳುವ ಹಾಸು ಇದರ ಮುಂದುವರಿದ ರೂಪವೇ. ಮುಂದೆ ಬರುವ ರೆಕಾರ್ಡನ್ನು ತಾನೊಬ್ಬನೇ ಮೊದಲು ಕೇಳಿಸಿಕೊಳ್ಳಲು ಒಂದು ಸ್ವಿಚ್ಚನ್ನೂ ಅವನೇ ತಯಾರಿಸಿ ಅಂಟಿಸಿಕೊಂಡ. ಇಂದು ಕಂಪ್ಯೂಟರಿನಲ್ಲಿ ಗುಂಡಿ ಒತ್ತಿ ಮಾಡುವುದನ್ನು ಅವನು ಬರಿಗೈಯಲ್ಲಿ ಸಾಧಿಸಿದ್ದ.

ಮೊದಲ ಬಾರಿ ಇದನ್ನು ಜನರೆದುರು ಮಾಡಿದಾಗ ಯಾರೂ ಕುಣಿಯಲಿಲ್ಲ, ಸುಮ್ಮನೆ ನೋಡುತ್ತಾ ನಿಂತರು. ಅಂದು ತಾನು ಅತ್ತೆನೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಬಳಿಕ ಮಾತಿನಿಂದ ಜನರನ್ನು ಹುರಿದುಂಬಿಸಲು ಗೆಳೆಯರನ್ನು ಜೊತೆಗೆ ಕರೆದುಕೊಂಡರು. 1981ರಲ್ಲಿ ಬೇರೆ ಬೇರೆ ರೆಕಾರ್ಡುಗಳ ತುಣುಕುಗಳನ್ನೇ ಹೆಣೆದು ಸುಮಾರು ಏಳು ನಿಮಿಷಗಳ ರೆಕಾರ್ಡ್ ಹೊರತಂದರು.

ಕೀರ್ತಿ ಸುಖವನ್ನಷ್ಟೇ ತರಲಿಲ್ಲ. ಗಳಿಕೆಯ ಪಾಲಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಕೊಕೇನ್ ಎಂಬ ಮಾದಕ ವಸ್ತು ಅವರನ್ನು ಹಿಡಿದುಕೊಂಡಿತು. ಅದರಿಂದ ಬಿಡಿಸಿಕೊಂಡ ಬಗೆಯನ್ನು 2008ರ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. 2019ರಲ್ಲಿ ಸ್ವೀಡನ್ನಿನ ಪೋಲಾರ್ ಸಂಗೀತ ಪ್ರಶಸ್ತಿ ಅವರಿಗೆ ಬಂತು.

ಸಹೋದರಿಯರೇ, ಅವರ ಸಂಗೀತ ನಿಮಗೆ ಹಿಡಿಸಲಿಕ್ಕಿಲ್ಲ, ಆ ಗದ್ದಲ ಮನೆಗೆ ಬೇಡ ಎಂದೂ ಅನಿಸಬಹುದು. ಅದು ನಿಮ್ಮ ಇಷ್ಟ. ಆದರೆ ಆ ತಾಯಿಯನ್ನು ನೆನಪಿಡಿ. ಒಂದೇ ಮನೆಯಲ್ಲಿ ತಂದೆಯ ಹೊಡೆತವೂ ಇತ್ತು, ತಾಯಿಯ ತಿಳುವಳಿಕೆಯೂ ಇತ್ತು. ಹೊಡೆತ ಹುಡುಗನನ್ನು ತಿದ್ದಲಿಲ್ಲ. ತಾಯಿ ಹಿಡಿಸಿದ ದಾರಿ ಅವನನ್ನು ಬೆಳೆಸಿತು. ನಿಮ್ಮ ಮನೆಯ ಮಗನೋ ಮಗಳೋ ನಾಳೆ ಮಿಕ್ಸಿ ಬಿಚ್ಚಿ ಕುಳಿತರೆ, ಮೊದಲು ಪ್ಲಗ್ ತೆಗೆದಿದ್ದಾರೆಯೇ ನೋಡಿ. ಆಮೇಲೆ ಪಕ್ಕದಲ್ಲಿ ಕುಳಿತು, "ಇದನ್ನು ತಿರುಗಿ ಜೋಡಿಸುವುದು ಹೇಗೆ, ಹೇಳು" ಎಂದು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ, ಕಲಿಸುವವರನ್ನು ಹುಡುಕಿ ಕೊಡಿ.